ಎಲ್ಲ ನೆಗೆಟಿವ್ ಎಂದವಳು ನಾನೇ

ಶೇಖರಣ್ಣ, ನಾನು ನಿಮಗೆ ಸುಳ್ಳು ಹೇಳಿದೆ. ಕೊರೋನಾದ ಆ ಬೇಸಿಗೆಯಲ್ಲಿ ನಿಮ್ಮ ರೂಮಿನವರೆಲ್ಲ ನೆಗೆಟಿವ್ ಆಗಿರಲಿಲ್ಲ. ಒಬ್ಬರಿಗೆ ಪಾಸಿಟಿವ್ ಬಂದಿತ್ತು — ನಿಮ್ಮ ತಮ್ಮ ರಮೇಶನ ಮೇಲಿನ ಮಂಚದವರಿಗೆ. ಅವರಿಗೂ ನಾವು ತಿಳಿಸಲಿಲ್ಲ.

ಈ ಅರಬ್ ನಾಡಿನಲ್ಲಿ, ಅರ್ದಿಯಾದ ಕಾರ್ಮಿಕರ ಕ್ಯಾಂಪಿನಿಂದ ಗೋದಾಮಿಗೆ ಬಿಟ್ಟರೆ ಬೇರೆಲ್ಲಿಗೂ ನಿಮ್ಮನ್ನು ಬಿಡುತ್ತಿರಲಿಲ್ಲ. ಕಂಪನಿ ಮಾಡಿಸಿದ ಟೆಸ್ಟಿನ ಪಟ್ಟಿ ಅರಬಿಯಲ್ಲಿತ್ತು. ಆಫೀಸಿನಲ್ಲಿ ಅದನ್ನು ಓದಬಲ್ಲ ಊರಿನವಳು ನಾನೊಬ್ಬಳೇ. ನೀವು ಫೋನ್ ಮಾಡಿದಿರಿ.

"ಬಾಯಮ್ಮ, ನಮ್ಮ ರೂಮಿನದ್ದು ಎಂತ ಬಂತು? ತಮ್ಮನಿಗೆ ಶುಗರ್ ಉಂಟಲ್ಲ, ಹೆದರಿಕೆ."

ಎದುರಿಗೇ ಮ್ಯಾನೇಜರ್ ನಿಂತಿದ್ದರು. ಜನ ಗಾಬರಿಯಾದರೆ ಕೆಲಸ ನಿಲ್ಲುತ್ತದೆ, ಜ್ವರ ಬರಲಿ, ಆಮೇಲೆ ನೋಡೋಣ — ಮೊದಲೇ ಹೇಳಿಟ್ಟಿದ್ದರು.

"ಎಲ್ಲ ನೆಗೆಟಿವ್, ಶೇಖರಣ್ಣ. ನೆಮ್ಮದಿಯಿಂದ ಇರಿ."

ನೆಮ್ಮದಿಯಿಂದ ಇರಿ — ಅಷ್ಟನ್ನು ಹೇಳೆಂದು ಯಾರೂ ಹೇಳಿರಲಿಲ್ಲ. ಅದು ನಾನೇ ಸೇರಿಸಿದ್ದು.

ಮೂರು ವಾರದೊಳಗೆ ರಮೇಶ ಆಸ್ಪತ್ರೆಯಲ್ಲಿ ತೀರಿಕೊಂಡ. ನಿಮಗೆ ಮುಖ ನೋಡಲೂ ಬಿಡಲಿಲ್ಲ. ಆಮೇಲೆ ಖೈತಾನ್‌ನ ಅಂಗಡಿ ಬೀದಿಯಲ್ಲಿ ಸಿಕ್ಕಾಗಲೆಲ್ಲ ನಿಮ್ಮದು ಒಂದೇ ಮಾತು: "ಕ್ಯಾಂಪಿನ ಗೇಟಿನಲ್ಲಿ ಊಟದ ಪೊಟ್ಟಣದ ಕ್ಯೂಗೆ ಅವನನ್ನು ನಾನೇ ಕಳಿಸಿದ್ದು. ಅಲ್ಲಿಂದಲೇ ಬಂತು." ದೇವರ ಇಚ್ಛೆ ಎನ್ನುತ್ತಿದ್ದೆ ನಾನು. ನನ್ನ ತಪ್ಪನ್ನು ದೇವರಿಗೆ ಕಟ್ಟಿ, ಇಷ್ಟು ವರ್ಷ ನಿಮ್ಮನ್ನು ಹಾಗೇ ಬೇಯಲು ಬಿಟ್ಟು —

ಕೇಳಿ. ಅವನು ಆ ಕ್ಯೂಗೆ ಹೋಗುವ ಎರಡು ದಿನ ಮೊದಲೇ ರೋಗ ನಿಮ್ಮ ರೂಮಿನೊಳಗಿತ್ತು. ಎಲ್ಲಿಂದ ತಗುಲಿತೋ, ಖಂಡಿತವಾಗಿ ಯಾರೂ ಹೇಳಲಾರರು. ಆದರೆ ರೂಮಿನಲ್ಲಿ ರೋಗವಿದ್ದದ್ದು ನನಗೆ ಗೊತ್ತಿತ್ತು, ನಿಮಗೆ ಗೊತ್ತಿರಲಿಲ್ಲ.

ಇದನ್ನು ನಿಮಗೆ ತಿಳಿಸುತ್ತೇನೆ ಎಂದು ಕಳೆದ ವಾರ ಮ್ಯಾನೇಜರಿಗೆ ಹೇಳಿದೆ. "ಖಲಾಸ್, ಮುಗಿದ ಕಥೆ. ನಿಮ್ಮ ಇಕಾಮಾ ಕಂಪನಿಯ ಕೈಯಲ್ಲಿದೆ, ನೆನಪಿರಲಿ."

"ನೆನಪಿದೆ ಸರ್. ಇಲ್ಲಿರುವ ಪರವಾನಗಿ ತಾನೇ, ಬೇಕಾದರೆ ರದ್ದು ಮಾಡಿಸಿ."

ಜನ ಗಾಬರಿಯಾಗುತ್ತಾರಂತೆ! ಆಗಲಿ. ಗಾಬರಿಯಾಗುವುದು ನಿಮ್ಮ ಹಕ್ಕಾಗಿತ್ತು, ಶೇಖರಣ್ಣ. ಗಾಬರಿಯಾಗಿ ನೀವು ಜಗಳ ತೆಗೆಯುತ್ತಿದ್ದಿರಿ, ತಮ್ಮನ ಹಾಸಿಗೆ ಎಳೆದು ಟೆರೇಸಿನ ಮೇಲಾದರೂ ಹಾಕುತ್ತಿದ್ದಿರಿ. ಅದನ್ನು ನಿಮ್ಮಿಂದ ಕಸಿದುಕೊಂಡವಳು ನಾನು.

ಕ್ಷಮಿಸಬೇಡಿ. ದೂರು ಕೊಡಿ, ಮೊದಲ ಹೆಸರು ನನ್ನದೇ ಬರೆಯಿರಿ. ಎಲ್ಲಿಗೆ ಕರೆದರೂ ಬರುತ್ತೇನೆ, ಯಾರ ಎದುರಿಗಾದರೂ ನಿಂತು ಹೇಳುತ್ತೇನೆ — ಗೊತ್ತಿತ್ತು, ಹೇಳಲಿಲ್ಲ.