ಶೆಟ್ಟೆವ್ವನ ಕಳಸ, ಸಿದ್ರಾಮನ ಗೇರ್ ಬಾಕ್ಸ್

ಮುಚ್ಚಿದ ವಸ್ತು ಯಾವುದೇ ಇರಲಿ, ಅದನ್ನು ಬಿಚ್ಚಿ ನೋಡದೆ ಬಿಟ್ಟರೆ ದೇವರ ಹಿಪ್ಪರಗಿಯ ಸಿದ್ರಾಮನಿಗೆ ಊಟ ಸೇರುತ್ತಿರಲಿಲ್ಲ. ರೇಡಿಯೊ ಬಿಚ್ಚಿದ್ದ, ನೆರೆಮನೆಯ ಹೊಲಿಗೆ ಯಂತ್ರ ಬಿಚ್ಚಿದ್ದ. ಹೆಂಡತಿ ಯಶೋಧಾಳ ತವರಿನಿಂದ ಬಂದ ಫ್ಯಾನು ಅವನ ಕೈಗೆ ಸಿಕ್ಕ ಮೇಲೆ ಗಾಳಿಯನ್ನು ಕೆಳಗೆ ಬಿಡದೆ ಮೇಲಕ್ಕೆ ಬಿಡತೊಡಗಿತ್ತು. "ಜಂತಿಗೆ ಸೆಕಿ ಆಗೂದಿಲ್ಲೇನು?" ಎಂದು ಅವನೇ ಉಲ್ಟಾ ಕೇಳಿದ್ದ.

ಇಂಡಿಯಲ್ಲಿ ನಿಂಬೆಹಣ್ಣಿನ ಚೀಲ ಹೊರುವ ಹಮಾಲನಾಗಿ ಶುರು ಮಾಡಿದವನು, ಆಮೇಲೆ ಯಾರದೋ ಗಾಡಿಗೆ ಚಾಲಕನಾಗಿ, ಈಗ ಸ್ವಂತದ್ದೊಂದು ಹಳೆಯ ಪಿಕಪ್ ಇಟ್ಟುಕೊಂಡಿದ್ದ. ಇಂಡಿಯಿಂದ ಸಿಂದಗಿಗೆ ನಿಂಬೆ, ಸಿಂದಗಿಯಿಂದ ಮುದ್ದೇಬಿಹಾಳಕ್ಕೆ ತೊಗರಿ, ನಡುವೆ ಯಾರದಾದರೂ ಮದುವೆಯ ಬೀಗರು. ಹೋದ ಬೇಸಿಗೆಯಲ್ಲಿ ಕಾಲುವೆಯ ಆಚೆ ಒಂದು ತುಂಡು ಎರೆಹೊಲ ಅವನ ಹೆಸರಿಗೆ ಬಂದಿತ್ತು. ಅವನ ತಾಯಿ ಶೆಟ್ಟೆವ್ವ ಹರೆಯದಿಂದಲೂ ಊರಿನ ಶ್ರೀಶೈಲಪ್ಪ ಸಾಹುಕಾರರ ಹೊಲದಲ್ಲಿ ಕಳೆ ತೆಗೆದವಳು. ಎಳ್ಳ ಅಮಾವಾಸ್ಯೆಗೆ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಗಳಿಗೆ ಹೋಗಿ, ಬೆಳೆದು ನಿಂತ ಪೈರಿಗೆ ಚರಗವೆಂದು ಎಡೆ ಚೆಲ್ಲಿ ಉಣ್ಣುವುದು ರೂಢಿ. ಶೆಟ್ಟೆವ್ವ ಪ್ರತಿ ವರ್ಷ ಸಾಹುಕಾರರ ಬದುವಿನ ಮೇಲೆ ಕೂತು ಉಂಡು ಬರುತ್ತಿದ್ದಳು. ಈ ವರ್ಷ ಮಾತ್ರ ಓಣಿಯ ಮನೆಮನೆಗೂ ಹೋಗಿ ಹೇಳಿ ಬಂದಿದ್ದಳು: "ಚರಗಕ್ಕ ನಮ್ಮ ಹೊಲಕ್ಕ ಬರ್ರಿ. ಎಲ್ಲಾರೂ ಬರಬೇಕ್ರಿ. ನಮ್ಮ ಗಾಡಿ ಐತಿ, ಕಾಲ ನೋಯ್ಸೂದ ಬ್ಯಾಡ."

ಆ ಗಾಡಿಯೇ ಅಮಾವಾಸ್ಯೆ ಹತ್ತಿರ ಬರುತ್ತಿದ್ದಂತೆ ಕೈಕೊಟ್ಟಿತು. ಎರಡನೇ ಗೇರು ಹಾಕಿದರೆ ಹಂದಿ ಹಿಡಿದಂತೆ ಕಿರುಚುತ್ತಿತ್ತು. ಏರಿನಲ್ಲಿ ಹೊರಗೇ ಜಿಗಿಯುತ್ತಿತ್ತು. ಬಸ್ ಸ್ಟ್ಯಾಂಡಿನ ಬಳಿಯ ಮಿಸ್ತ್ರಿ ಅಯೂಬ ಸಿದ್ರಾಮನ ಬಾಲ್ಯದ ಗೆಳೆಯ. ಅವನು ಕಿವಿಗೊಟ್ಟು ಕೇಳಿ ಹೇಳಿದ: "ಒಳಗ ಹಿತ್ತಾಳಿ ರಿಂಗ್ ಸವದೈತಿ. ನನ್ನ ಕೈಯಾಗ ಈಗ ಬ್ಯಾರೆ ಕೆಲಸ ಐತಿ, ಅಮಾಸಿ ಮುಗೀಲಿ, ಬಿಚ್ಚೂಣು."

"ಅಮಾಸಿ ಮುಗದ ಮ್ಯಾಲೆ ಗಾಡಿ ತಗೊಂಡು ನೆಕ್ಕಲ್ಯಾ? ನಾನ ಬಿಚ್ತೇನಿ."

"ಲೇ, ಇದು ಗೇರ್ ಬಾಕ್ಸ್ ಐತಿ, ಫ್ಯಾನ್ ಅಲ್ಲ."

"ಮನಶ್ಯಾನ ಕಟ್ಟಿದ್ದಲ್ಲೇನು? ಮನಶ್ಯಾನ ಬಿಚ್ಚತಾನ."

"ಬಿಚ್ಚೂದು ಮಂಗ್ಯಾನೂ ಬಿಚ್ಚತೈತಿ. ಕೂಡ್ಸೂ ಮುಂದ ನನ್ನ ಕರೀಬ್ಯಾಡ."

ಸಿದ್ರಾಮ ಅಂಗಳದಲ್ಲಿ ಗಾಡಿಯನ್ನು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿ, ಫೋನಿನಲ್ಲಿ ಯಾರೋ ಹಿಂದಿಯಲ್ಲಿ ಹೇಳಿಕೊಡುವುದನ್ನು ನೋಡುತ್ತ ಅಡಿಗೆ ನುಸುಳಿದ. ಹಿಂದಿನ ಗಾಲಿಗೆ ಹೋಗುವ ಉದ್ದನೆಯ ಶಾಫ್ಟ್ ಬಿಚ್ಚಿದ, ಬೋಲ್ಟುಗಳನ್ನು ಸಡಿಲಿಸಿದ, ಹೊಟ್ಟು ತುಂಬಿದ ಚೀಲದ ಮೇಲೆ ಗೇರ್ ಬಾಕ್ಸನ್ನು ಕೂಸಿನ ಹಾಗೆ ಇಳಿಸಿಕೊಂಡ. ಒಳಗಿನ ಹಲ್ಲುಚಕ್ರಗಳನ್ನು ತೆಗೆದ ಕ್ರಮದಲ್ಲೇ ತಾಡಪತ್ರಿಯ ಮೇಲೆ ಸಾಲಾಗಿ ಇಟ್ಟ. ಕೋಳಿಗಳು ಹಾಯದಂತೆ ಯಶೋಧಾ ಕೋಲು ಹಿಡಿದು ಕಾದಳು. ಸವೆದ ರಿಂಗು ಹೊರಬರುವಾಗಲೇ ಎರಡು ತುಂಡಾಯಿತು. ಬಸ್ಸು ಹತ್ತಿ ವಿಜಯಪುರಕ್ಕೆ ಹೋಗಿ ಹೊಸದು ತಂದ. ಮನೆಗೆ ಹೊಸದೇನು ಬಂದರೂ ಮೊದಲು ದೇವರ ಮುಂದೆ ಇಡುವುದು ಆ ಮನೆಯ ಪದ್ಧತಿ. ಅದರಂತೆ ರಿಂಗನ್ನು ಜಗುಲಿಯ ಮೇಲಿಟ್ಟು, ಕೈಮುಗಿದು ಮಲಗಿದ. ಬೆಳಗಾದರೆ ಅಮಾವಾಸ್ಯೆ. ನಸುಕಿನಲ್ಲೇ ಕೂಡಿಸಲು ಕೂತರೆ ಮಧ್ಯಾಹ್ನದೊಳಗೆ ಗಾಡಿ ಹೊರಡುತ್ತದೆ ಎಂಬುದು ಅವನ ಲೆಕ್ಕ.

ನಸುಕಿನಲ್ಲಿ ಎದ್ದು ನೋಡಿದರೆ ಜಗುಲಿಯ ಮೇಲೆ ರಿಂಗಿಲ್ಲ.

"ಅವ್ವಾ, ಇಲ್ಲೊಂದು ಹಿತ್ತಾಳಿ ಬಳಿ ಇಟ್ಟಿದ್ನಲ್ಲ?"

ಶೆಟ್ಟೆವ್ವ ತಲೆಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಮುಖ ಅರಳಿಸಿಕೊಂಡು ನಿಂತಿದ್ದಳು. "ಭಾಳ ಚಲೋ ತಂದೀಪಾ. ಕಳಸದ ಸಿಂಬಿ ಸೀಳಿ ಹೋಗೈತಿ, ಹೊಸಾದು ತಾ ಅಂತ ದೀಪಾವಳಿಯಿಂದ ಹೇಳಾಕತ್ತಿದ್ನಿ. ಕಡೀಕೂ ನೆಪ್ಪ ಮಾಡ್ಕೊಂಡಿ. ಹಲ್ಲ ಹಲ್ಲ ಕೊರದ ಎಷ್ಟ ಚೆಂದ ಮಾಡ್ಯಾರ ನೋಡು!"

ಜಗುಲಿಯ ಮೇಲೆ ನೀರು ತುಂಬಿದ ತಂಬಿಗೆ, ವೀಳ್ಯದೆಲೆ, ತೆಂಗಿನಕಾಯಿ, ಚೆಂಡುಹೂವು. ತಂಬಿಗೆಯ ಬುಡದಲ್ಲಿ ಪಿಕಪ್ಪಿನ ಎರಡನೇ ಗೇರು ಹುಣಸೆಹಣ್ಣಿನಿಂದ ತಿಕ್ಕಿಸಿಕೊಂಡು ಬಂಗಾರದಂತೆ ಹೊಳೆಯುತ್ತಿತ್ತು.

ಸಿದ್ರಾಮ ರಿಂಗಿನ ಕಡೆ ಬೆರಳು ತೋರಿಸಿದ. "ಅವ್ವಾ, ಅದು ಗಾಡೀದು."

ಶೆಟ್ಟೆವ್ವನ ನಗು ಮಾಯವಾಯಿತು. ಹೂಡಿದ ಕಳಸವನ್ನು ಹೊಲದಲ್ಲಿ ಚರಗ ಚೆಲ್ಲಿ ಬರುವವರೆಗೆ ಇಳಿಸುವಂತಿಲ್ಲ. ಅವಳ ಅತ್ತೆಯ ಅತ್ತೆಯೂ ಇಳಿಸಿದವಳಲ್ಲ. ಆದರೆ ರಿಂಗು ಇಲ್ಲದೆ ಗಾಡಿಯಿಲ್ಲ, ಗಾಡಿಯಿಲ್ಲದೆ ಚರಗವಿಲ್ಲ. ಅಮಾವಾಸ್ಯೆಯ ದಿನ ಬಿಡಿಭಾಗದ ಅಂಗಡಿಗಳೆಲ್ಲ ಮುಚ್ಚಿದ್ದವು. ಒಳಗೆ ಯಶೋಧಾ ಮಾಡಿಟ್ಟ ಸಜ್ಜಿ ರೊಟ್ಟಿ, ಕಡಬು, ಪುಂಡಿಪಲ್ಲೆ ಬುಟ್ಟಿಬುಟ್ಟಿ ಇದ್ದವು.

ಅಷ್ಟರಲ್ಲಿ ಶ್ರೀಶೈಲಪ್ಪ ಸಾಹುಕಾರರ ಟ್ರ್ಯಾಕ್ಟರು ಓಣಿಯ ಬಾಯಿಗೆ ಬಂದು ನಿಂತಿತು. ಅಂಗಳದ ತುಂಬ ಹರಡಿದ್ದ ಕಬ್ಬಿಣ ನೋಡಿ ಅವರು ಕನಿಕರದಿಂದಲೇ ಹೇಳಿದರು: "ಇದೇನೋ ಸಿದ್ರಾಮ, ಗುಜರಿ ಅಂಗಡಿ ತಗದಿ? ಶೆಟ್ಟೆವ್ವಾ, ಯಾಕ ಚಿಂತಿ? ಬುಟ್ಟಿ ನಮ್ಮ ಟ್ರ್ಯಾಲ್ಯಾಗ ಇಡು. ವರ್ಷಾ ಬಂದಂಗ ನಮ್ಮ ಹೊಲಕ್ಕ ಬಾ. ನಿಮ್ಮ ಹೊಲ ಎಲ್ಲಿ ಹೋಗತೈತಿ?"

ಒಳ್ಳೆಯ ಮಾತೇ. ಆದರೆ ಅದನ್ನು ಕೇಳಿ ತಾಯಿಯ ಮುಖ ಸಣ್ಣದಾದದ್ದನ್ನು ಸಿದ್ರಾಮ ನೋಡಿದ. "ನೀವು ನಡೀರಿ ಸಾವಕಾರ್ರ, ನಾವು ಬರ್ತೇವಿ" ಎಂದಳು ಶೆಟ್ಟೆವ್ವ. ಎಲ್ಲಿಗೆ ಎಂದು ಹೇಳಲಿಲ್ಲ.

ಅವಳು ಒಳಗೆ ಹೋಗಿ ಕಳಸದ ತೆಂಗಿನಕಾಯಿಯ ನೆತ್ತಿಗೆ ಒಂದು ಒದ್ದೆ ಹೂವಿಟ್ಟು ಕೈಮುಗಿದಳು. ಮನೆಯಲ್ಲಿ ದಾರಿ ತೋಚದಾಗ ದೇವರನ್ನು ಕೇಳುವ ರೀತಿ ಅದು. ಹೂವು ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ.

"ಕಳಸ ಇಳಸಲೇನಪಾ?"

ಚರಗಕ್ಕೆಂದು ಬಂದು ಸೇರಿದ್ದ ಓಣಿಯವರೆಲ್ಲ ಬಾಗಿಲಲ್ಲಿ ಕತ್ತು ಚಾಚಿದರು. ಹೂವು ಸ್ವಲ್ಪ ಜಾರಿತು, ನಿಂತಿತು, ಎಡಕ್ಕೆ ಬಿತ್ತು.

"ಗಾಳಿ ಬಂತವ್ವಾ, ಇನ್ನೊಮ್ಮಿ ಕೇಳು" ಎಂದ ಸಿದ್ರಾಮ.

"ದೇವರ ಮುಂದ ವಕೀಲಕಿ ಮಾಡಬ್ಯಾಡ, ಸುಮ್ನಿರು." ಶೆಟ್ಟೆವ್ವ ಬಿದ್ದ ಹೂವನ್ನು ಎತ್ತಿ ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ಹೊಸ ಹೂವು ಏರಿಸಿ, ಮನೆಗೆ ಬಂದ ಬೀಗರನ್ನು ಕೇಳುವ ದನಿಯಲ್ಲಿ ಕೇಳಿದಳು: "ಇಳಸಂಗಿಲ್ಲ ಬಿಡಪಾ, ನನ್ನದ ತಪ್ಪ ಮಾತು. ನಮ್ಮ ಹೊಲಾ ನೀ ಇನ್ನೂ ನೋಡಿಲ್ಲ. ನನ್ನ ತೊಡಿ ಮ್ಯಾಲೆ ಕುಂತು ನೋಡಾಕ ಬರ್ತೀಯೇನು?"

ಹೂವು ಟಪ್ಪನೆ ಬಲಕ್ಕೆ ಬಿತ್ತು.

ಅವಳು ಗೋಡೆಗೊರಗಿ ಚಕ್ಕಳಮಕ್ಕಳ ಹಾಕಿ ಕೂತು, ಕಳಸವನ್ನು ಎರಡೂ ಕೈಯಲ್ಲಿ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. "ಹೂಂ, ತಗೋ ನಿನ್ನ ಬಳಿ. ಲಗೂ ಮಾಡು. ಕಾಲ ಜೋಮ ಹಿಡಿಯೂದ್ರಾಗ ಕೂಡ್ಸು."

ಸಿದ್ರಾಮ ರಿಂಗನ್ನು ಕಣ್ಣಿಗೊತ್ತಿಕೊಂಡು ಕೂಡಿಸಲು ಕೂತ. ಊಟಕ್ಕೆಂದು ಬಿಳಿ ಅಂಗಿ ತೊಟ್ಟು ಬಂದ ಅಯೂಬ ಮೊದಲು ದೂರ ನಿಂತು ನಕ್ಕ. ಆಮೇಲೆ, "ಆ ಹಲ್ಲಿನ ಗಾಲಿ ಉಲ್ಟಾ ಹಾಕಾಕತ್ತೀಯೋ ಹುಚ್ಚಾ" ಎಂದು ಬೈದ. ಕೊನೆಗೆ ಅಂಗಿ ಬಿಚ್ಚಿ ಬೇವಿನ ಟೊಂಗೆಗೆ ಹಾಕಿ, ಅವನೂ ಗಾಡಿಯ ಅಡಿಗೆ ನುಸುಳಿದ. ಇಬ್ಬರೂ ಎದೆಯ ಮೇಲೆ ಗೇರ್ ಬಾಕ್ಸ್ ಹೊತ್ತು ಎತ್ತುತ್ತಿದ್ದರೆ ಮೇಲಿನಿಂದ ಯಶೋಧಾ ಕೇಳಿದಳು: "ನುಚ್ಚಿನುಂಡಿ ಆರಾಕತ್ತಾವ. ನೀವು ಒಳಗ ಮಲಗೀರೇನು?"

ಶೆಟ್ಟೆವ್ವ ಕದಲಲಿಲ್ಲ. ಮೂಗಿನ ಮೇಲೆ ನೊಣ ಕೂತರೆ, "ಏ ಯಶೋಧಾ, ಓಡಿಸ ಇದನ್ನ" ಎನ್ನುತ್ತಿದ್ದಳು. ಬಾಗಿಲಲ್ಲಿದ್ದ ಹೆಂಗಸರು ಯಾರೂ ಸಾಹುಕಾರರ ಹೊಲದ ದಾರಿ ಹಿಡಿಯಲಿಲ್ಲ. ಮುದುಕಿ ಹಾಗೆ ಕೂತಿರುವಾಗ ಬಿಟ್ಟು ಹೋಗುವುದು ಹೇಗೆ?

ಹೊತ್ತು ಇಳಿಮುಖವಾದಾಗ ಗಾಡಿ ಹೊರಟಿತು. ಹಿಂದೆ ಓಣಿಯ ಜನ, ಬುಟ್ಟಿಗಳು. ಮುಂದೆ ಸಿದ್ರಾಮನ ಪಕ್ಕದಲ್ಲಿ ಜನ ಎತ್ತಿ ಕೂರಿಸಿದ ಶೆಟ್ಟೆವ್ವ, ತೊಡೆಯ ಮೇಲೆ ಕಳಸ. ಕಾಲುವೆಯ ಏರು ಬಂತು. ಹಿಂದಿದ್ದವರು ಬುಟ್ಟಿ ಅವುಚಿ ಹಿಡಿದರು. ಸಿದ್ರಾಮ ಕ್ಲಚ್ ಒತ್ತಿ ಎರಡನೇ ಗೇರಿಗೆ ಎಳೆದ. ಕಿರುಚಾಟವಿಲ್ಲ, ಜಿಗಿತವಿಲ್ಲ; ಬೆಣ್ಣೆಯಲ್ಲಿ ಬೆರಳು ಇಳಿದಂತೆ ಇಳಿಯಿತು. ಗಾಡಿ ಏರು ಹತ್ತಿತು. ಹಿಂದಿನಿಂದ ಅಯೂಬ ಕೂಗಿದ: "ಕೂಡ್ಸಿದಾವ ಯಾರು ಅಂತ ಕೇಳ್ರೆವ್ವಾ!"

ಎದೆಯೆತ್ತರದ ಜೋಳದ ನಡುವೆ ಪಾಂಡವರೆಂದು ಕಲ್ಲುಗಳನ್ನಿಟ್ಟು ಸುಣ್ಣ ಬಳಿದರು. ಸಿದ್ರಾಮ ಚರಗ ಚೆಲ್ಲುತ್ತ ಹೊಲ ಸುತ್ತಿ ಬಂದ. ಆಮೇಲೆ ಶೆಟ್ಟೆವ್ವ ಆ ಕಲ್ಲುಗಳ ಮುಂದೆ, ತನ್ನದೇ ಕರಿಮಣ್ಣಿನ ಮೇಲೆ, ಕಳಸವನ್ನು ಇಳಿಸಿದಳು.

ಊಟಕ್ಕೆ ಕೂರುವ ಹೊತ್ತಿಗೆ ಸಾಹುಕಾರರ ಟ್ರ್ಯಾಕ್ಟರು ಅದೇ ದಾರಿಯಲ್ಲಿ ತಿರುಗಿ ಬರುತ್ತಿತ್ತು. ಶೆಟ್ಟೆವ್ವ ಕುಂಟುತ್ತಲೇ ಬದುವಿನವರೆಗೆ ನಡೆದು, ಸೆರಗು ಹೊದ್ದು ಕರೆದಳು: "ಇಳೀರಿ ಸಾವಕಾರ್ರ. ಒಂದು ತುತ್ತ ಉಂಡ ಹೋಗ್ರಿ."

"ನಂದು ಉಣ್ಣೂದ ಆಗೇತಲ್ಲವಾ."

"ಅದು ನಿಮ್ಮ ಹೊಲದಾಗ ಉಂಡಿದ್ರಿ."

ಶ್ರೀಶೈಲಪ್ಪ ನಕ್ಕು, ಚಪ್ಪಲಿ ಬಿಟ್ಟು, ಬದುವಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಯಶೋಧಾ ಕಡಬು ಬಡಿಸಿದಳು. ಅವರು ಸಾಕೆಂದು ಕೈ ಅಡ್ಡ ಹಿಡಿದರೂ ಶೆಟ್ಟೆವ್ವ ಬೆರಳ ಸಂದಿಯಿಂದಲೇ ತುಪ್ಪ ಸುರಿದಳು.