ಕನ್ನಡದಿಂದ ಕನ್ನಡಕ್ಕೆ ದುಬಾಷಿ

ಹೋದ ವಾರ ಮಳವಳ್ಳಿ ಬಸ್ಸಿನಲ್ಲಿ ಒದ್ದೆ ಕಂಬಳಿ ಹೊದ್ದವನೊಬ್ಬ ನನ್ನ ಪಕ್ಕದಲ್ಲಿ ಬಂದು ಕೂತ. ಒದ್ದೆ ಕಂಬಳಿಯ ವಾಸನೆ ನಿಮಗೆ ಗೊತ್ತಿರಬಹುದು. ಕುರಿ ಬದುಕಿದ್ದಾಗ ಬೀರಿದ ವಾಸನೆಯನ್ನೆಲ್ಲ ಅದು ಬಡ್ಡಿಯಿಲ್ಲದೆ ಕೂಡಿಟ್ಟುಕೊಂಡಿರುತ್ತದೆ. ಮುಂದಿನ ಸೀಟಿನ ಮೇಷ್ಟರು ಮೂಗಿಗೆ ಕರವಸ್ತ್ರ ಹಿಡಿದರು. ನಾನು ಮಾತ್ರ ಕಣ್ಣು ಮುಚ್ಚಿ ಉಸಿರೆಳೆದುಕೊಂಡೆ. ಯಾಕೆಂದರೆ ನನ್ನ ಪಾಲಿಗೆ ಅದು ವಿದೇಶದ ವಾಸನೆ.

ನಗುವುದಾದರೆ ಈಗಲೇ ನಕ್ಕುಬಿಡಿ. ವಿದೇಶಯಾತ್ರೆ ಮಾಡಿ ಬಂದ ದೊಡ್ಡವರು ಅರಮನೆ, ಹಿಮ, ಮ್ಯೂಸಿಯಮ್ಮುಗಳ ಬಗ್ಗೆ ಮಾತಾಡುತ್ತಾರೆ. ಅವರು ಅಲ್ಲಿ ಭೇಟಿಯಾಗುವವರೆಲ್ಲ ಒಂದೋ ತತ್ತ್ವಜ್ಞಾನಿಗಳು, ಇಲ್ಲವೇ ಊರಿಗೆ ಬಂದ ಮೇಲೆ ಹೆಸರು ಮರೆತುಹೋಗುವಂಥ ಸುಂದರಿಯರು. ನಾನೂ ಒಮ್ಮೆ ಸಮುದ್ರ ದಾಟಿದವನೇ. ಒಂದು ಟಗರು, ಎರಡು ಕುರಿ, ಒಬ್ಬ ಗೌಡರು ಜೊತೆಗಿದ್ದರು. ದಾಟಿದ್ದು ಧನುಷ್ಕೋಟಿಯಿಂದ ಸಿಂಹಳಕ್ಕೆ, ಹಡಗಿನಲ್ಲಿ ಒಂದು ಊಟದಿಂದ ಇನ್ನೊಂದು ಊಟದ ತನಕ. ಅಷ್ಟು ಹೊತ್ತಿನಲ್ಲಿ ಉಂಡದ್ದೆಲ್ಲ ಸಮುದ್ರಕ್ಕೇ ಅರ್ಪಿತವಾಯಿತಾದ್ದರಿಂದ ಯಾತ್ರೆ ಶಾಸ್ತ್ರೋಕ್ತವಾಗಿಯೇ ನಡೆಯಿತು ಎನ್ನಬೇಕು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ನಾನು ಇಂಟರ್‌ಮೀಡಿಯೆಟ್ಟಿಗೆ ಎರಡು ಸಲ ಕೂತು, ಎರಡು ಸಲವೂ ಘನತೆಯಿಂದ ಎದ್ದು ಬಂದು, ಮದ್ದೂರಿನ ನಮ್ಮ ಮನೆಯ ಜಗುಲಿಯ ಮೇಲೆ ಇಂಗ್ಲಿಷ್ ಪೇಪರು ಹಿಡಿದುಕೊಂಡಿರುತ್ತಿದ್ದೆ. ಹಿಡಿದುಕೊಂಡಿರುತ್ತಿದ್ದೆ ಎಂದೆನೇ ಹೊರತು ಓದುತ್ತಿದ್ದೆ ಎನ್ನಲಿಲ್ಲ. ಆದರೆ ಜಗುಲಿಯ ಕೆಳಗಿನಿಂದ ನೋಡುವವರಿಗೆ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಹಾಗಾಗಿ ನನ್ನ ಇಂಗ್ಲಿಷಿನ ಕೀರ್ತಿ ಬಂಡೂರಿನ ಮರಿಗೌಡರ ಕಿವಿಗೆ ಬಿತ್ತು.

ಮರಿಗೌಡರಿಗೆ ಒಳ್ಳೆಯ ಜಮೀನಿತ್ತು, ಅದಕ್ಕಿಂತ ಒಳ್ಳೆಯ ಕುರಿಗಳಿದ್ದವು, ತಾಯಮ್ಮ ಎಂಬ ಮಗಳಿದ್ದಳು. ಮನೆಗೆ ಇಂಗ್ಲಿಷ್ ಬಲ್ಲ ಅಳಿಯನೇ ಬೇಕೆಂದು ಹಟ. ನನಗಿಂತ ಮೊದಲು ಹೊಳಲು ಎಂಬ ಊರಿನ ಹುಡುಗನೊಬ್ಬ ಬಂದಿದ್ದ. ಗೌಡರು ಅವನನ್ನು ಇಂಗ್ಲಿಷ್ ಪರೀಕ್ಷೆಗೆಂದು ನೇರ ದನದ ಡಾಕ್ಟರ ಮುಂದೆ ನಿಲ್ಲಿಸಿದರು. ಡಾಕ್ಟರು ಏನು ಕೇಳಿದರೂ ಅವನು 'ಎಸ್' ಎಂದನಂತೆ. ಕೊನೆಗೆ 'ನೀನು ಕತ್ತೆಯೋ' ಎಂದು ಕೇಳಿದ್ದಕ್ಕೂ 'ಎಸ್' ಎಂದು ಊರಿಗೆ ಹೊರಟುಹೋದ.

ನಾನು ಹೆಣ್ಣು ನೋಡಲು ಹೋದಾಗ ತಾಯಮ್ಮ ಎರಡು ಕೊಡ ಹೊತ್ತು ಒಳಗೆ ಬಂದಳು. ನಾನು ಬಾಗಿಲಲ್ಲೇ ಕಾಲು ಚಾಚಿ ಕೂತಿದ್ದೆ. "ನೋಡಿದ್ದಾಗಿದ್ರೆ ಕಾಲು ಮಡಿಸ್ಕೊ, ಕೊಡ ಇಳಿಸ್ಬೇಕು" ಎಂದಳು. ಕಾಲು ಮಡಿಸಿದೆ. ಆ ಕ್ಷಣದಿಂದ, ಇವಳನ್ನಲ್ಲದೆ ಇನ್ನೊಬ್ಬಳನ್ನು ಮದುವೆಯಾಗುವುದಿಲ್ಲ ಎಂದು ತೀರ್ಮಾನಿಸಿಬಿಟ್ಟೆ. ಗೌಡರು ಮಾತ್ರ ತೀರ್ಮಾನಿಸಲಿಲ್ಲ.

"ಸಿಂಹಳದಾಗೆ ಒಬ್ಬ ದೊರೆ ಅವ್ನಂತೆ. ನಮ್ ಕುರೀನೇ ಬೇಕು ಅಂತ ಆಪೀಸ್ ಆಪೀಸ್ಗೆಲ್ಲ ಕಾಗ್ದ ಬರ್ದವ್ನೆ" ಎಂದರು. "ಕುರಿ ನಾನೇ ಒಡ್ಕೊಂಡೋಯ್ತೀನಿ. ನೀನೂ ಬಾ. ದೊರೆ ತಾವ ನೀನು ಇಂಗ್ಲೀಸ್ನಾಗೆ ಮಾತಾಡೋದ ನಾನು ಕಣ್ಣಾರೆ ಕಂಡ್ರೆ, ಮುಂದ್ಲ ಮಾತು."

ದೊರೆಗೆ ಹೇಳಬೇಕಾದ್ದನ್ನು ನಾನು ಇಂಗ್ಲಿಷಿನಲ್ಲಿ ಬರೆದು ಬಾಯಿಪಾಠ ಮಾಡಿದೆ. ರೈಲಿನಲ್ಲಿ ಹೇಳಿಕೊಂಡೆ, ಹಡಗಿನಲ್ಲಿ ವಾಂತಿಯ ನಡುವೆ ಹೇಳಿಕೊಂಡೆ. ಗೌಡರ ಮುಂದೆ ಅದನ್ನು ಹರಿಯಬಿಡಲು ದಾರಿಯುದ್ದಕ್ಕೂ ಸಂದರ್ಭ ಹುಡುಕಿದೆ. ಲೋಕವೇ ನನ್ನ ವಿರುದ್ಧ ಪಿತೂರಿ ಮಾಡಿತ್ತು. ಟಿಕೆಟ್ ನೋಡುವವನು ತಮಿಳಿನಲ್ಲಿ ಬೈದ. ಕ್ವಾರಂಟೈನಿನ ಡಾಕ್ಟರು ಮಾತೇ ಆಡದೆ ಗೌಡರ ನಾಲಗೆ, ನನ್ನ ನಾಲಗೆ, ಟಗರಿನ ನಾಲಗೆ ನೋಡಿ ಮೂವರಿಗೂ ಒಂದೇ ರೀತಿ ತಲೆಯಾಡಿಸಿದರು. ಹಡಗಿನ ಬಿಳಿಯ ಅಧಿಕಾರಿಯೊಬ್ಬರಿಗೆ ನಾನು ಇಂಗ್ಲಿಷಿನಲ್ಲಿ ಶುಭೋದಯ ಹೇಳಿದ್ದಕ್ಕೆ ಅವರು ಕಕ್ಕಸಿನ ದಾರಿ ತೋರಿಸಿದರು. ಗೌಡರು ಎಲ್ಲವನ್ನೂ ಗಮನಿಸುತ್ತ ಎಲೆಯಡಿಕೆ ಜಗಿಯುತ್ತಿದ್ದರು.

ದೊರೆಯ ಟೀ ತೋಟ ಮಂಜಿನೊಳಗೆ ಬೆಟ್ಟದ ಮೇಲಿತ್ತು. ಬಂಗಲೆಯ ಮುಂದೆ ಗೌಡರು ಕೋಟಿನ ಗುಂಡಿ ಹಾಕಿ, ರುಮಾಲು ಸರಿಮಾಡಿ, ಊರ ಪಂಚಾಯ್ತಿಗೆ ನಿಲ್ಲುವ ಹಾಗೆ ನಿಂತರು. ಅವರ ಮುಖದೆದುರು ಅವರನ್ನು ನೀನು ಎಂದವರು ಹೆಂಡತಿ, ಮಗಳ ಹೊರತು ಇರಲಿಲ್ಲ. ಮೂವತ್ತೈದರ ಆಸುಪಾಸಿನ, ಕೆಂಪು ಮೀಸೆಯ ದೊರೆ ಮೆಟ್ಟಿಲಿಳಿದು ಬಂದ. ನಾನು ಗಂಟಲು ಸರಿಮಾಡಿಕೊಂಡು "ರೆಸ್ಪೆಕ್ಟೆಡ್ ಸರ್" ಎಂದೆ.

ದೊರೆ ನನ್ನತ್ತ ತಿರುಗಲೇ ಇಲ್ಲ. ಗೌಡರ ಎದೆಗೆ ಬೆರಳಿಟ್ಟು, "ಬಂದ್ಯೇನ್ಲಾ? ಇಷ್ಟೊತ್ಗಂಟ ಎಲ್ಲಿ ಸತ್ತಿದ್ದೆ?" ಎಂದ.

ಕನ್ನಡ. ಅದೂ ಅಂಥಿಂಥ ಕನ್ನಡವಲ್ಲ, ಮದ್ದೂರು ಮಳವಳ್ಳಿ ಸೀಮೆಯ, ಕೈಯಲ್ಲಿ ಸೌಟು ಹಿಡಿದು ಆಡುವ ಕನ್ನಡ. ಹೆಂಗಸಿನ ರಾಗ ಬೇರೆ. ಗೌಡರ ಮುಖದ ಮೇಲಿನ ಮಂಜು ಆವಿಯಾಯಿತು. ನನ್ನ ಕಣ್ಣ ಮುಂದೆ ತಾಯಮ್ಮ ಎರಡೂ ಕೊಡ ಹೊತ್ತು ಹಿಂದಕ್ಕೆ ನಡೆಯತೊಡಗಿದಳು. ದೊರೆಗೆ ಕನ್ನಡ ಬರುತ್ತದೆ ಎಂದರೆ ನನ್ನ ಇಂಗ್ಲಿಷಿನಿಂದ ಏನಾಗಬೇಕು? ಏನಾದರೂ ಮಾಡಲೇಬೇಕಿತ್ತು. ತಿರುಗಿ ಗೌಡರಿಗೆ ಭಾಷಾಂತರ ಮಾಡಿದೆ.

"ದೊರೆಗಳು ತಮ್ಮ ದಾರೀನೇ ನೋಡ್ತಿದ್ರಂತೆ ಗೌಡ್ರೆ. ತಡ ಆಗಿದ್ದಕ್ಕೆ ಗಾಬರಿ ಆಗಿತ್ತಂತೆ."

ಗೌಡರು ನನ್ನನ್ನು ನೋಡಿದರು. ದೊರೆ ಮುಂದುವರಿಸಿದ. "ಕುಂತ್ಕಳ್ಲಾ, ಮೂದೇವಿ. ಮೂತಿ ತೊಳ್ಕಂಡು ಉಣ್ಣು. ಉಣ್ದೆ ಓದ್ರೆ ಗುಮ್ಮಂಗೆ ಇಡ್ದು ಕೊಟ್ಬುಡ್ತೀನಿ."

"ಕೈಕಾಲು ತೊಳ್ಕೊಂಡು, ಊಟ ಮಾಡ್ಕೊಂಡೇ ಹೋಗ್ಬೇಕಂತೆ. ಹಾಗೇ ಕಳಿಸೋದಿಲ್ಲ ಅಂತ ಒತ್ತಾಯ ಮಾಡ್ತಿದ್ದಾರೆ."

"ಗುಮ್ಮ ಅಂದ್ನಲ್ಲ?"

"ಇಲ್ಲಿಯ ದೊಡ್ಡ ಅಧಿಕಾರಿಗಳು ಇರಬೇಕು."

"ನಂಗೂ ಕಿವಿ ಅವೆ ಕಣಯ್ಯ" ಎಂದರು ಗೌಡರು. ಆಮೇಲೆ ಟಗರಿನ ಹಗ್ಗ ಕೈಗೆ ಸುತ್ತಿಕೊಂಡರು. "ಕುರಿ ಇಡ್ಕ. ಓಗನ ನಡಿ."

ದೊರೆಯ ಮುಖದಲ್ಲಿ ನಿಜವಾದ ಗಾಬರಿ ಕಂಡದ್ದು ಆಗ. ಪಾಪ, ಅವನು ಉಪಚಾರ ಮಾಡುತ್ತಿದ್ದ. ಅವನ ಬಳಿ ಇದ್ದ ಕನ್ನಡವೇ ಅಷ್ಟು. ತಿನ್ನಿಸುವುದು, ತೊಳೆಸುವುದು, ಹೆದರಿಸುವುದು, ಮಲಗಿಸುವುದು. ಅದರಾಚೆಯ ಲೋಕವೆಲ್ಲ ಅವನಿಗೆ ಇಂಗ್ಲಿಷಿನಲ್ಲಿತ್ತು. ಅಡ್ಡ ಬಂದು ನಿಂತು, "ಓಗ್ಬ್ಯಾಡ ಕಣ್ಲಾ. ನನ್ ಎಸ್ರು ಬಿಳಿಯಪ್ಪ" ಎಂದ.

ಗೌಡರು ನಿಂತರು. ನಮ್ಮ ಸೀಮೆಯವರಿಗೆ ಒಂದು ಕಾಯಿಲೆಯಿದೆ, ನಿಮಗೂ ಇದ್ದೀತು. ಎದುರಿಗಿರುವವನು ಯಾರ ಮನೆಯವನೆಂದು ಗೊತ್ತಾಗದೆ ನಾವು ಅವನ ಮೇಲೆ ಸಿಟ್ಟನ್ನೂ ಸರಿಯಾಗಿ ಮಾಡಲಾರೆವು. ಜಗಳವಾಡುವ ಮೊದಲೂ ಯಾವೂರು ಎಂದು ಕೇಳುತ್ತೇವೆ, ಮುಂದೆ ನೆಂಟರಾಗಿಬಿಟ್ಟರೆ ಹೇಗೆಂಬ ಮುಂಜಾಗ್ರತೆ. ಗೌಡರೂ ಕೇಳಿದರು.

"ಈ ಮಾತ ನಿಂಗೆ ಯಾರು ಕಲಿಸ್ದೋರು?"

"ನಮ್ಮವ್ವ. ಕೆಂಪವ್ವ."

ಅವನ ಅಪ್ಪ ಶಿವನಸಮುದ್ರದಲ್ಲಿ, ಕರೆಂಟು ಹುಟ್ಟುವ ಕಡೆ, ಎಂಜಿನಿಯರಾಗಿದ್ದನಂತೆ. ಮಗು ಅಲ್ಲೇ ಹುಟ್ಟಿ, ಏಳು ವರ್ಷದ ತನಕ ಆಯಾ ಕೆಂಪವ್ವನ ಕೈಯಲ್ಲಿ ಬೆಳೆದು, ಆಮೇಲೆ ಇಂಗ್ಲೆಂಡಿನ ಸ್ಕೂಲಿಗೆ ಹೋಯಿತಂತೆ. ಇದನ್ನೆಲ್ಲ ಅವನು ಹೇಳಿದ್ದು ಚೂರುಚೂರಾಗಿ, ಗೌಡರು ಪಾಟೀಸವಾಲು ಹಾಕಿದ ಮೇಲೆ.

"ಕೆಂಪವ್ವ ಯಾವೂರೋಳು?"

"ಆತಗೂರು."

"ಯಾರ ಮನೆ?"

"ಉಣಸೇಮರದ ಮನೆ."

ಗೌಡರು ಮೆಟ್ಟಿಲ ಮೇಲೆ ಕೂತುಬಿಟ್ಟರು. "ನನ್ನೆಂಡ್ರು ಆತಗೂರೋಳು. ಕೆಂಪಿ ಅವ್ಳಿಗೆ ಅಕ್ಕ ಆಗ್ಬೇಕು. ಅವ್ಳ ಎದೆ ಆಲು ಕುಡ್ದಿದ್ದೀಯೇನ್ಲಾ?"

"ಊಂ" ಎಂದ ದೊರೆ.

"ಅಂಗಾರೆ ನಾನು ನಿಂಗೆ ಚಿಕ್ಕಪ್ಪ ಆಗ್ಬೇಕಲ್ಲಾ."

ಲೆಕ್ಕ ಕೂಡಿಬಂತು. ಮಗನಾದವನು ಏನು ಅಂದರೆ ಏನು, ಮೂದೇವಿ ಎಂದದ್ದೂ ಗುಮ್ಮನಿಗೆ ಕೊಡುತ್ತೇನೆಂದದ್ದೂ ಆ ಕ್ಷಣವೇ ವಜಾ ಆಯಿತು. ಬಿಳಿಯಪ್ಪ ದೊರೆ ಹಿಗ್ಗಿ, ಟಗರಿನ ಬೆನ್ನು ಸವರುತ್ತ, ಈ ಕುರಿಯ ಬಾಡಿನ ರುಚಿ ಅಷ್ಟು ವರ್ಷ ನಾಲಗೆಯ ಮೇಲೇ ಇತ್ತು ಎಂದು ಕೈಸನ್ನೆಯಲ್ಲಿ ತೋರಿಸಿದ. ಎಲ್ಲೆಲ್ಲಿಗೆ ಬರೆದು, ಯಾರ್ಯಾರನ್ನು ಹಿಡಿದು ಬಂಡೂರನ್ನು ಪತ್ತೆ ಮಾಡಿದೆನೆಂದೂ ತೋರಿಸಿದ.

ಗೌಡರು ಸಾವಕಾಶವಾಗಿ ಎಲೆಯಡಿಕೆ ಉಗಿದು ಬಂದರು.

"ಕುರಿ ಎಲ್ಲವೆ ಅಂತ ಊರೂರ್ಗೆಲ್ಲ ಕಾಗ್ದ ಆಕ್ದೆ. ಆಲು ಕೊಟ್ಟೋಳು ಬದುಕವ್ಳೋ ಸತ್ತವ್ಳೋ ಅಂತ ಒಂದ್ ಕಾಗ್ದ ಆಕಿದ್ಯೇನ್ಲಾ? ಬಾಡಿನ್ ರುಚಿ ನೆಪ್ಪೈತೆ, ಎದೆ ಆಲಿಂದು ಇಲ್ವಾ?"

ಅಲ್ಲಿಯ ತನಕ ಎಲ್ಲ ತಿಳಿಯುತ್ತಿದ್ದ ದೊರೆಗೆ ಇದ್ದಕ್ಕಿದ್ದ ಹಾಗೆ ಕನ್ನಡ ಮರೆತುಹೋಯಿತು. ನೆಟ್ಟಗೆ ನಿಂತು, ಮೊದಲ ಸಲ ನನ್ನ ಕಡೆ ತಿರುಗಿ, ಅಪ್ಪಟ ಇಂಗ್ಲಿಷಿನಲ್ಲಿ, ಈ ಮನುಷ್ಯ ಹೇಳುತ್ತಿರುವುದೇನು ಎಂದು ಕೇಳಿದ.

ನೋಡಿ, ಇಡೀ ಯಾತ್ರೆಯಲ್ಲಿ ನಾನು ಕಾಯುತ್ತಿದ್ದ ಗಳಿಗೆ ಅದು. ಗೌಡರು ನನ್ನ ಬಾಯನ್ನೇ ನೋಡುತ್ತಿದ್ದಾರೆ. ಸಕ್ಕರೆ ಬೆರೆಸುವುದು ನನಗೆ ಅಷ್ಟು ಹೊತ್ತಿಗೆ ರೂಢಿಯಾಗಿತ್ತು. 'ತಮ್ಮ ಆಯಾ ತಮ್ಮನ್ನು ಬಹಳ ನೆನೆಯುತ್ತಾರಂತೆ' ಎಂದಿದ್ದರೆ ದೊರೆ ತಲೆದೂಗುತ್ತಿದ್ದ, ಗೌಡರಿಗೆ ಏನೂ ಗೊತ್ತಾಗುತ್ತಿರಲಿಲ್ಲ, ಮದುವೆ ನಿಶ್ಚಯವಾಗುತ್ತಿತ್ತು. ನಾನು ಬಾಯಿಪಾಠ ಮಾಡಿದ್ದನ್ನೂ ಬಿಟ್ಟೆ, ಸಕ್ಕರೆಯನ್ನೂ ಬಿಟ್ಟೆ. ಇಂಟರ್‌ಮೀಡಿಯೆಟ್ಟು ಫೇಲಾದ ಇಂಗ್ಲಿಷಿನಲ್ಲಿ, ಕಾಲವಾಚಕಗಳನ್ನೆಲ್ಲ ಕೊಂದುಹಾಕಿ, ಗೌಡರು ಅಂದದ್ದನ್ನು ಒಂದಿಷ್ಟೂ ಮೆತ್ತಗೆ ಮಾಡದೆ ಹೇಳಿದೆ. ಹಾಲು ಎಂಬಲ್ಲಿ ಹಾಲು ಎಂದೇ ಹೇಳಿದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಧೈರ್ಯ ಎಂದು ಕರೆದುಕೊಳ್ಳುವ ಆಸೆಯಿದೆ. ಆದರೆ ಹಸಿವೂ ಆಗಿತ್ತು.

ದೊರೆಯ ಮುಖ ಮೀಸೆಯ ಬಣ್ಣಕ್ಕೆ ತಿರುಗಿತು. ಆಮೇಲೆ, ಮತ್ತೆ ಕನ್ನಡದಲ್ಲಿ, "ಬದುಕವ್ಳಾ?" ಎಂದ.

"ಅವ್ಳೆ. ಕಣ್ಣು ಕಾಣಾಕಿಲ್ಲ. ಜಗುಲಿ ಮ್ಯಾಲೆ ಕುಂತು ಕೋಳಿಗೋಳ್ನ ಬಯ್ಕೊಂಡವ್ಳೆ. ಬಂದು ನೋಡು."

"ಬತ್ತೀನಿ" ಎಂದ ದೊರೆ. ಗೌಡರು ಕುರಿಯ ಹಗ್ಗ ಅವನ ಕೈಗೆ ಕೊಟ್ಟರು.

ಮರಳುವ ಹಡಗಿನಿಂದ ಧನುಷ್ಕೋಟಿಯ ದಡ ಕಂಡ ಮೇಲೆ ಗೌಡರೇ ಮಾತು ತೆಗೆದರು.

"ನಿನ್ ಇಂಗ್ಲೀಸು ಚೆಂದಾಗೈತೋ ಇಲ್ವೋ ನಂಗೇನ್ ಗೊತ್ತಾದದು. ಆದ್ರೆ ದೊರೆ ಮಕ ಕೆಂಪಾಯ್ತಲ್ಲ, ನಾನ್ ಯೋಳಿದ್ದ ಅಂಗೇ ಯೋಳ್ದೆ ಅಂತ ಅವಾಗ್ ಗೊತ್ತಾಯ್ತು." ಆಮೇಲೆ ಸೇರಿಸಿದರು. "ಅದ್ಕೂ ಮುಂಚೆ ಬೈಗುಳ್ನ ಮರ್ವಾದೆ ಮಾಡಿ ಯೋಳ್ತಿದ್ದಲ್ಲ, ಅದೂ ಇರ್ಲಿ ಕಣಪ್ಪ. ನನ್ ಮಗ್ಳ ಬಾಯಿ ನೀನಿನ್ನೂ ಕಂಡಿಲ್ಲ."

ಹೀಗೆ ನನ್ನ ಮದುವೆಯಾಯಿತು. ಬಿಳಿಯಪ್ಪ ದೊರೆ ಬರಲಿಲ್ಲ. ಮೊದಲು ಯುದ್ಧ ಅಡ್ಡ ಬಂತು, ಆಮೇಲೆ ಇನ್ನೇನೋ ಬಂದಿರಬೇಕು. ದೊರೆಗಳಿಗೆ ಕಾರಣಗಳ ಕೊರತೆ ಇರುವುದಿಲ್ಲ. ಅವನ ಕಡೆಯಿಂದ ಆತಗೂರಿಗೆ ಒಂದು ಮರದ ಪೆಟ್ಟಿಗೆಯ ತುಂಬ ಟೀ ಸೊಪ್ಪು ಬಂತು. ಕೆಂಪವ್ವ ಟೀ ಕುಡಿಯುತ್ತಿರಲಿಲ್ಲ. ಸೊಪ್ಪನ್ನು ಊರಿಗೆಲ್ಲ ಹಂಚಿ ಪೆಟ್ಟಿಗೆಯಲ್ಲಿ ಕೋಳಿಯನ್ನು ಕಾವಿಗೆ ಕೂರಿಸಿದಳು.

ಸ್ವಾತಂತ್ರ್ಯ ಬಂದ ವರ್ಷ ನಾನು ಆತಗೂರಿಗೆ ಹೋಗಿದ್ದೆ. ಮದ್ದೂರಿನಲ್ಲಿ ಸಿಹಿ ಹಂಚಿದ್ದರು, ಕೆಂಪವ್ವನಿಗೂ ಒಂದು ತುಂಡು ಒಯ್ದಿದ್ದೆ. ಬಾಯಿಗೆ ಹಾಕಿಕೊಂಡು, "ದೊರೆಗೋಳೆಲ್ಲ ಓಯ್ತಾವ್ರಂತೆ. ನಮ್ ಬಿಳಿಯನೂ ಓದ್ನಾ?" ಎಂದು ಕೇಳಿದಳು.

ಸಿಂಹಳದ ಸಮಾಚಾರ ನನಗೇನು ಗೊತ್ತು? ಆದರೂ ಹಳೆಯ ವೃತ್ತಿ ಬಿಡಲಿಲ್ಲ. "ಹೋದ್ರು ಅವ್ವ. ಹೋಗೋಕ್ ಮುಂಚೆ ನಿನ್ನ ಬಹಳ ಪ್ರೀತಿಯಿಂದ ವಿಚಾರಿಸಿದ್ರಂತೆ" ಎಂದೆ.

ಕೆಂಪವ್ವ ಕಾಣದ ಕಣ್ಣನ್ನು ನನ್ನ ಕಡೆ ತಿರುಗಿಸಿದಳು. "ಸುಳ್ಳು ಬೊಗಳ್ಬ್ಯಾಡ ಕಣಪ್ಪ. ಪಿರೂತಿಯಿಂದ ಇಚಾರ್ಸೋಕೆ ನಾನು ಅವ್ನಿಗೆ ಮಾತು ಎಲ್ಲಿ ಕಲಿಸಿದ್ದೆ? ಬಯ್ಯೋದೊಂದೇ ಕಲಿಸಿದ್ದು. ಕೇಳಿದ್ರೆ ಬಯ್ದೇ ಕೇಳ್ತಿದ್ದ."

ಆ ದಿನ ನಾನು ದುಬಾಷಿಯ ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಮದುವೆಯಾದಂದಿನಿಂದ ತಾಯಮ್ಮ ಅಂದದ್ದನ್ನೆಲ್ಲ ಮನಸ್ಸಿನೊಳಗೇ ಸಭ್ಯ ಕನ್ನಡಕ್ಕೆ ತಿರುಗಿಸಿಕೊಂಡು ಬದುಕುತ್ತಿದ್ದೆ. ಅದನ್ನೂ ನಿಲ್ಲಿಸಿದೆ.

ಇಷ್ಟು ಬರೆಯುವಷ್ಟರಲ್ಲಿ ಅಡುಗೆಮನೆಯಿಂದ ಕೂಗು ಬಂದಿದೆ. "ಮುದ್ದೆ ಆರೋಯ್ತಾ ಐತೆ. ಬದುಕಿದ್ರೆ ಬಂದು ಉಣ್ಣು, ಸತ್ತಿದ್ರೆ ಅದಾರ ಯೋಳು."

ಇದನ್ನು ನಿಮಗೋಸ್ಕರ ಬೇರೆ ಮಾತಿನಲ್ಲಿ ಹೇಳಬಹುದಿತ್ತು. ಬೇಡ. ಬದುಕಿದ್ದೇನೆ, ಎದ್ದೆ.