ಊರೂರಿನ ಕಂಚಿನ ಕಾಡಮಲ್ಲ

ಎತ್ತಿನ ಕೊರಳಗಂಟೆಗೆ ಚಿತ್ತವಾಡ್ಗಿಯ ಕಂಚುಗಾರ ಮೂಕಣ್ಣನೇ ಆಗಬೇಕು ಎನ್ನುತ್ತಿದ್ದರು ಹೊಸಪೇಟೆ ಸುತ್ತಿನ ರೈತರು. ಸಂಜೆ ಬಂಡಿಗಳು ಮರಳುವ ಹೊತ್ತಿಗೆ ಅವನು ಕಟ್ಟೆಯ ಮೇಲೆ ಕುಳಿತು, ಯಾವುದು ತನ್ನ ಗಂಟೆ, ಯಾವುದು ಅಲ್ಲ ಎಂದು ಹೆಂಡತಿ ಎರ್ರಮ್ಮನಿಗೆ ಹೇಳಿ ಹೇಳಿ ಬೇಸರ ತರಿಸುತ್ತಿದ್ದ. ತಲೆ ನರೆತಿದ್ದರೂ ಅವನ ಒಂದು ಆಸೆ ಹಾಗೇ ಉಳಿದಿತ್ತು. ಆಳೆತ್ತರದ ಮೂರ್ತಿಯೊಂದನ್ನು ಎರಕ ಹೊಯ್ಯಬೇಕು.

ಆ ಆಸೆ ತೀರಿಸಲು ಬಂದವನು ದೇವರಲ್ಲ, ಕಂಪನಿ ನಾಟಕದ ನಾಯಕ ಕಾಡಮಲ್ಲ. ದರೋಜಿ ಗುಡ್ಡದ ಕರಡಿಗಳು ಸಾಕಿದ ಹುಡುಗ. ಬಳ್ಳಿ ಹಿಡಿದು ಮರದಿಂದ ಮರಕ್ಕೆ ಜೀಕುವವನು. ಜರ್ಮನ್ ಯುದ್ಧದ ಕಾಲದಿಂದಲೂ ಆ ನಾಟಕ ನಡೆದೇ ಇತ್ತು. ಪಾತ್ರಧಾರಿಗಳು ಮುದುಕರಾದರು, ಹೊಸಬರು ಬಂದರು, ಕಾಡಮಲ್ಲನಿಗೆ ಮಾತ್ರ ವಯಸ್ಸಾಗಲಿಲ್ಲ. ಹಿಂದೆ ಅವನಂತೆಯೇ ಕೂಗುತ್ತ ಹುಣಸೆಮರದಿಂದ ಬಿದ್ದವರೆಲ್ಲ ಈಗ ತಮ್ಮ ಮಕ್ಕಳನ್ನು ಗದರಿಸಿ ಮರ ಇಳಿಸುತ್ತಿದ್ದರು. ಅಕ್ಕಿ ಗಿರಣಿಯ ದೊಡ್ಡಬಸಪ್ಪ ನಾಟಕದ ಥೇಟರು ಕಟ್ಟಿಸಿದಾಗ, ಬಾಗಿಲಲ್ಲಿ ಕಾಡಮಲ್ಲನ ಕಂಚಿನ ಮೂರ್ತಿ ನಿಲ್ಲಲಿ ಎಂದು ಮೂಕಣ್ಣನನ್ನು ಕರೆಸಿದ.

ಮೂರ್ತಿಗೆ ಬೇಕಾದ ಕಂಚನ್ನು ಜನರೇ ಕೊಡುವುದು, ಒಂದು ಊರಿನ ಕಂಚನ್ನು ಇನ್ನೊಂದು ಊರಿನದಕ್ಕೆ ಬೆರೆಸುವುದಿಲ್ಲವೆಂದು ಎರಕದವನು ಮಾತು ಕೊಡುವುದು ಮೂಕಣ್ಣನ ಮನೆತನದ ಪದ್ಧತಿ. ಒಬ್ಬರ ಹರಕೆ ಇನ್ನೊಬ್ಬರದರಲ್ಲಿ ಕರಗಬಾರದಂತೆ. ದೇವರಿಗಾದರೆ ಕೊಡುತ್ತಾರೆ, ಬಳ್ಳಿಗೆ ಜೋತಾಡುವವನಿಗೆ ಯಾರು ಕೊಡುತ್ತಾರೆ ಎಂದು ಎರ್ರಮ್ಮ ನಕ್ಕಳು. ಆದರೆ ಕಂಪ್ಲಿಯಿಂದ ಬಿರುಕುಬಿಟ್ಟ ತಟ್ಟೆಗಳು ಬಂದವು, ಸಂಡೂರಿನಿಂದ ಚೊಂಬುಗಳು, ದರೋಜಿಯಿಂದ ಕುರಿಗಂಟೆಗಳು. ಕೊನೆಗೆ ಎರ್ರಮ್ಮನೂ ತವರಿನ ಬಟ್ಟಲನ್ನು ತಂದು ಹೊಸಪೇಟೆಯವರ ಕಂಚಿನ ಗುಡ್ಡೆಯ ಮೇಲಿಟ್ಟು ಒಳಗೆ ಹೋದಳು.

ಮೂಕಣ್ಣ ಮಾತಿಗೆ ತಪ್ಪಲಿಲ್ಲ. ಒಂದೊಂದು ಊರಿನ ಕಂಚನ್ನು ಬೇರೆ ಬೇರೆ ಮೂಸೆಯಲ್ಲಿ ಕರಗಿಸಿ ಒಂದೊಂದು ಅಂಗ ಹೊಯ್ದ. ಅವನ ಹಿರಿಯರು ಮಾಡಿದ್ದೆಲ್ಲ ಒಂದೇ ಊರಿನ ಪುಟ್ಟ ಮೂರ್ತಿಗಳು. ಹಾಗಾಗಿ ಮುಂದಾಗುವುದು ಅವನಿಗೆ ಹೊಳೆದಿರಲಿಲ್ಲ. ಊರೂರಿನ ಕಂಚಿನ ಬೆರಕೆ ಬೇರೆ ಬೇರೆ; ಮಣ್ಣಿನ ಅಚ್ಚು ಒಡೆದು ಅಂಗಗಳನ್ನು ಕೂಡಿಸಿದಾಗ ಕಾಡಮಲ್ಲನ ಬಲಗೈ ಕೆಂಪಗಿತ್ತು, ಎಡಗೈ ಹಳದಿ, ಎದೆ ಜೇನಿನ ಬಣ್ಣ.

ದೊಡ್ಡಬಸಪ್ಪ ನೋಡಿದವನೇ ಹಣೆ ಚಚ್ಚಿಕೊಂಡ. "ಮೂರ್ತಿ ಮಾಡು ಅಂದ್ರ ತುಂಡು ಕೂಡ್ಸಿ ಕೌದಿ ಹೊಲ್ದೀಯಲ್ಲೋ ಮೂಕಣ್ಣ. ಎಲ್ಲಾ ಒಂದ ಮೂಸಿಗೆ ಹಾಕಿ ಕರಗಿಸು, ಒಂದ ಬಣ್ಣ ಬರ್ಲಿ. ಇಲ್ಲಂದ್ರ ಇದು ಬ್ಯಾಡ ನನಗ."

ಮೂಕಣ್ಣನ ಮುಖ ಬಾಡಿತು. ಕರಗಿಸಿದರೆ ಕೊಟ್ಟ ಮಾತು ಹೋಗುತ್ತದೆ. ಕರಗಿಸದಿದ್ದರೆ ಮೂರ್ತಿ ಹಿತ್ತಲಲ್ಲೇ ಉಳಿಯುತ್ತದೆ. ಕಂಚು ಕೊಟ್ಟವರು ಒಪ್ಪಿದರೆ ಕರಗಿಸುತ್ತೇನೆ, ಅವರನ್ನೊಮ್ಮೆ ಕೇಳೋಣ ಎಂದ.

ಸಂತೆಯ ದಿನ ಅವರೆಲ್ಲ ಬಂದರು. ದೊಡ್ಡಬಸಪ್ಪ ಬಾಯಿ ತೆರೆಯುವ ಮೊದಲೇ ಕಂಪ್ಲಿಯ ಉಚ್ಚೆಂಗಮ್ಮ ಮೂರ್ತಿಯನ್ನು ಸುತ್ತುಹಾಕಿ, ತಮ್ಮ ಊರಿನದು ಯಾವುದೆಂದು ಕೇಳಿದಳು. ಮೂಕಣ್ಣ ಬಲಗೈ ತೋರಿಸಿದ. ಆಕೆ ಸೆರಗಿನಿಂದ ಅದನ್ನು ಒರೆಸಿ, ಸಂಡೂರಿನವರ ಕಡೆ ತಿರುಗಿದಳು.

"ನೋಡ್ರಿ, ಬಳ್ಳಿ ಹಿಡಿದಿದ್ದು ನಮ್ಮ ಕೈ. ನಾವಿಲ್ದಿದ್ರ ನಿಮ್ಮ ಕಾಡಮಲ್ಲ ಕೆಳಗ ಬೀಳತಿದ್ದ."

"ಬಿದ್ರೂ ನಿಂತಾನು ಬಿಡವ್ವ," ಎಂದ ಸಂಡೂರಿನ ತಾಯಪ್ಪ. "ಕಾಲು ನಮ್ಮವು."

ದರೋಜಿಯವರು ಎದೆ ತಮ್ಮದೆಂದು ತಿಳಿದು ಎದೆಯುಬ್ಬಿಸಿ ನಿಂತರು. ಕರಗಿಸುವ ಮಾತೆತ್ತಲು ಜಾಗವೇ ಉಳಿಯಲಿಲ್ಲ. ದೊಡ್ಡಬಸಪ್ಪ ತಾನೂ ಮೂರ್ತಿಯನ್ನು ಒಮ್ಮೆ ಸುತ್ತಿ ಬಂದು, ಮೂಕಣ್ಣನನ್ನು ಪಕ್ಕಕ್ಕೆ ಕರೆದ.

"ಇದರಾಗ ನಮ್ಮನೀದು ಯಾವ್ದೋ?"

"ನೀವು ಕಟ್ಟಿಗಿ ಕೊಟ್ರಿ, ಕೂಲಿ ಕೊಟ್ರಿ ಸಾವ್ಕಾರ್ರೆ. ಕಂಚು ಕೊಡ್ಲಿಲ್ಲ."

"ಇನ್ನ ಹೊಯ್ಯೋದು ಏನೂ ಉಳಿದಿಲ್ಲೇನು?"

ಮೂಕಣ್ಣ ಹಿಂಜರಿದ. "ಲಂಗೋಟಿ ತುದಿ ಒಂದು ಉಳದೈತ್ರಿ."

ಮರುದಿನ ಬೆಳಿಗ್ಗೆ ದೊಡ್ಡಬಸಪ್ಪ ತಾನು ಉಣ್ಣುವ ಕಂಚಿನ ತಟ್ಟೆಯನ್ನು ತೊಳೆದು ತಾನೇ ಹೊತ್ತು ತಂದ. ಮೂಸೆಗೆ ಅದೊಂದೇ ಬಿತ್ತು. ಬೇರೆ ಯಾರದೂ ಅದರಲ್ಲಿ ಸೇರದಂತೆ, ಅದು ಪೂರ್ತಿ ಕರಗುವವರೆಗೆ ಅವನು ಕುಲುಮೆಯ ಪಕ್ಕದಲ್ಲೇ ಬೆವರುತ್ತ ಕುಳಿತಿದ್ದ.